ಉಪ್ಪು ನೀರಿನ ಕೊಟ್ಟಿಗೆ

ನೀರನ್ನು ಮೂಸಿ ನೋಡಿ ಅದರ ಆರೋಗ್ಯ ಹೇಳಬಲ್ಲವರನ್ನು ನಾನು ಕಂಡಿದ್ದು ಒಬ್ಬರನ್ನೇ. ಹೋದ ತಿಂಗಳು ಅವರು ಹೆಮ್ಮಿಗೆಯ ತಮ್ಮ ಮನೆಯಲ್ಲಿ ತೀರಿಕೊಂಡರು. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕಿ ಬಂದು ಜಗುಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲವಂತೆ. ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ತಡವಾಗಿ, ಹಳೆಯ ಸಹೋದ್ಯೋಗಿಯೊಬ್ಬರ ಫೋನಿನಲ್ಲಿ. ಆ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರ್ಖಾನೆಯಲ್ಲೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತಮ್ಮ ತೊಟ್ಟಿಗೆ ದಿನಾ ಬೆಲ್ಲದ ನೀರು ಸುರಿಯುತ್ತಿದ್ದರಿಂದ ಬೆಲ್ಲದಣ್ಣ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ತಮಾಷೆ.

ನಂಜನಗೂಡಿನ ಹೊರಗೆ, ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆ ಅದು. ನಾನು ಎಂಎಸ್ಸಿ ಮುಗಿಸಿ ಅಲ್ಲಿನ ಪ್ರಯೋಗಾಲಯಕ್ಕೆ ಸೇರಿದಾಗ ನನಗೆ ಇಪ್ಪತ್ಮೂರು. ತಿರುಮಕೂಡಲಿನಿಂದ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೆ. ಅವರು ಹೆಮ್ಮಿಗೆಯಿಂದ ಮೊಪೆಡ್ಡಿನಲ್ಲಿ ಬಂದು, ಅದನ್ನು ಬಸ್ ನಿಲ್ದಾಣದ ಹತ್ತಿರ ಪರಿಚಯದ ಅಂಗಡಿಯ ಮುಂದೆ ನಿಲ್ಲಿಸಿ ಅದೇ ಬಸ್ಸು ಹತ್ತುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತೊಡೆಯ ಮೇಲೆ ಪ್ಲಾಸ್ಟಿಕ್ ವೈರಿನ ಬುಟ್ಟಿ. ಬುಟ್ಟಿಯಲ್ಲಿ ಊಟದ ಡಬ್ಬಿ, ಅದರ ಪಕ್ಕದಲ್ಲಿ ಎರಡು ಅಚ್ಚು ಬೆಲ್ಲ. ಕಾರ್ಖಾನೆ ಕೊಡುತ್ತಿದ್ದ ಬೆಲ್ಲಕ್ಕೆ ಏನೇನೋ ಬೆರೆಸಿರುತ್ತಾರೆಂದು ಅವರಿಗೆ ಅನುಮಾನ. ಹಾಗಾಗಿ ಊರಿನ ಆಲೆಮನೆಯದನ್ನೇ ತರುತ್ತಿದ್ದರು.

ಬಣ್ಣ ಹಾಕಿದ ಮೇಲೆ ಉಳಿಯುವ ನೀರು ಎಂಥದೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಅದು ಕೈ ಇಡಲಾಗದಷ್ಟು ಬಿಸಿ ಇರುತ್ತದೆ. ಸೋಪಿನಂತೆ ಜಾರುವ ಕ್ಷಾರ, ಬಾಯಿಗೆ ಹಾಕಿದರೆ ಉಗುಳಬೇಕಾದಷ್ಟು ಉಪ್ಪು. ಆ ನೀರು ಮೊದಲು ಒಂದು ದೊಡ್ಡ ತೊಟ್ಟಿಗೆ ಬಂದು ಆರುತ್ತದೆ. ಅಲ್ಲಿಂದ ಬೆಲ್ಲದಣ್ಣನ ತೊಟ್ಟಿಗೆ ಹೋಗುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಅದರ ಕೊಳೆಯನ್ನು ತಿಂದು ಬದುಕುತ್ತವೆ. ಅವು ತಿಂದು ಮುಗಿಸಿದ ಮೇಲೆಯೇ ಮುಂದಿನ ಫಿಲ್ಟರು, ಉಪ್ಪು ತೆಗೆಯುವ ಯಂತ್ರ. ಅವು ಸತ್ತರೆ ಮುಂದಿನದೆಲ್ಲ ಕಟ್ಟಿಕೊಂಡು ನಿಲ್ಲುತ್ತದೆ.

ನಾನು ಸೇರಿದ ಮೊದಲ ದಿನ ಅವರು ಒಂದು ಉದ್ದನೆಯ ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ಹಿಡಿದು ಮೇಜಿನ ಮೇಲಿಟ್ಟರು. ನೀರು ಹುರುಳಿ ಕಟ್ಟಿನ ಬಣ್ಣದ್ದಾಗಿತ್ತು. ಅರ್ಧ ಗಂಟೆ ಅದನ್ನು ಮುಟ್ಟಬೇಡ ಎಂದರು. ನೋಡನೋಡುತ್ತ ಕಂದು ರಾಡಿ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಂತಿತು. ಹೀಗೆ ಇಳಿದರೆ ಅವು ಚೆನ್ನಾಗಿವೆ, ಇಳಿಯದಿದ್ದರೆ ಕಾಯಿಲೆ ಬಿದ್ದಿವೆ ಎಂದು ಅರ್ಥ. ಆಮೇಲೆ ಜಾಡಿಗೆ ಮೂಗಿಟ್ಟು ನನಗೂ ಮೂಸಲು ಹೇಳಿದರು. ಮಳೆ ಬಿದ್ದ ಮಣ್ಣಿನ ವಾಸನೆ. ಬಣ್ಣದ ಕಾರ್ಖಾನೆಯಲ್ಲಿ ಅಂಥ ವಾಸನೆ ಇರುತ್ತದೆಂದು ನಾನು ಎಣಿಸಿರಲಿಲ್ಲ.

"ಇದ ತೊಟ್ಟಿ ಅನ್ಕಬ್ಯಾಡ ಕಣವ್ವ," ಎಂದರು. "ಇದು ಕೊಟ್ಗೆ. ಒತ್ತೊತ್ತಿಗೆ ಮೇವು ಕೊಡ್ಬೇಕು, ಗಾಳಿ ಕೊಡ್ಬೇಕು."

ಅವರು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅದೂ ಫೇಲು. ಆ ತೊಟ್ಟಿಯ ಪಾಯ ಅಗೆಯಲು ಕೂಲಿಗೆ ಬಂದವರು ಅಲ್ಲೇ ಉಳಿದುಕೊಂಡಿದ್ದರು. ತೊಟ್ಟಿ ಶುರುವಾದಾಗ ಎಂಜಿನಿಯರುಗಳು ಎಲ್ಲಿಂದಲೋ ಜೀವಿಗಳ ರಾಡಿ ತರಿಸಿ ನೇರ ಉಪ್ಪು ನೀರಿಗೆ ಸುರಿದರಂತೆ. ಎರಡು ದಿನಕ್ಕೆ ಎಲ್ಲ ಸತ್ತು ನಾರಿತು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಇವರು ಕೇಳಿಕೊಂಡು ತಾವೇ ನೋಡಿಕೊಂಡರು. ಮೊದಲು ಸಿಹಿನೀರಿನಲ್ಲಿ ಸಾಕಿದರು. ಬಣ್ಣದ ನೀರನ್ನು ದಿನಕ್ಕೆ ಒಂದು ಬಕೀಟು, ವಾರ ಕಳೆದ ಮೇಲೆ ಎರಡು, ಹೀಗೆ ಕೂಡಿಸುತ್ತ ಹೋದರು. ಜಾಡಿಯಲ್ಲಿ ರಾಡಿ ಇಳಿಯಲಿಲ್ಲವೆಂದರೆ ಆ ವಾರ ಅಲ್ಲಿಗೇ ನಿಲ್ಲಿಸುತ್ತಿದ್ದರು. ಹೀಗೆ ಎಂಟು ತಿಂಗಳು. ಕೊನೆಗೆ ಸಮುದ್ರದ ನೀರಿನಂಥ ಉಪ್ಪಿನಲ್ಲಿ ಅವು ಸುಖವಾಗಿದ್ದವು. ಸಿಹಿನೀರು ಹೆಚ್ಚಾಗಿ ಬಿದ್ದರೇ ಮುದುಡುತ್ತಿದ್ದವು.

ಈ ಕತೆ ಕೇಳಿದ ದಿನ ನಾನು ಕಾಲೇಜಿನ ಹುರುಪಿನಲ್ಲಿ, ಮನುಷ್ಯರೂ ಹಾಗೇ ಅಲ್ಲವೇ ಅಣ್ಣ, ಎಲ್ಲದಕ್ಕೂ ಅಭ್ಯಾಸವಾಗಿಬಿಡುತ್ತೇವೆ ಎಂದೆ. ಅವರು ಕೈಯಲ್ಲಿದ್ದ ಬಕೀಟು ಕೆಳಗಿಟ್ಟರು. ಅವರ ಮುಖದಲ್ಲಿ ಸಿಟ್ಟು ಕಂಡಿದ್ದು ಅದೇ ಮೊದಲು.

"ಆ ಮಾತ ಮನುಸ್ರಿಗೆ ಯೋಳ್ಬ್ಯಾಡ. ಇವು ಅಭ್ಯಾಸ ಆದ್ವು ಅಂತೀವಿ. ಅಭ್ಯಾಸ ಆಗ್ದೆ ಸತ್ತೋದ್ವಲ್ಲ, ಅವ ಯಾರು ಎಣಿಸ್ದೋರು? ಒಂದುಳದ್ರೆ ಸಾವ್ರ ಸತ್ತಿರ್ತವೆ. ಈ ಉಳಕ್ಕಾದ್ರೆ ಆ ಲೆಕ್ಕ ನಡೀತದೆ, ಮನುಸ್ರಿಗಲ್ಲ."

ಅಷ್ಟು ಹೇಳಿ ಬಣ್ಣದ ಮನೆಯ ಕಡೆ ನೋಡಿದರು. ಅಲ್ಲಿ ಕುದಿಯುವ ಹಂಡೆಗಳ ಪಕ್ಕ ಕೆಲಸದವರು ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಓಡಾಡುತ್ತಿದ್ದರು. ಹೊಸಬರು ಕೆಮ್ಮಿದರೆ ಮೇಸ್ತ್ರಿ, ಒಂದು ತಿಂಗಳು ತಡ್ಕೋ, ಅಭ್ಯಾಸ ಆಗುತ್ತೆ ಎನ್ನುತ್ತಿದ್ದ. ನಾನು ಮತ್ತೆ ಆ ಮಾತು ಆಡಲಿಲ್ಲ.

ಎರಡನೇ ವರ್ಷದ ಬೇಸಿಗೆಯಲ್ಲಿ ಅದು ಆಯಿತು. ಯಾವುದೋ ಅವಸರದ ಆರ್ಡರು ಬಂದು ಬಣ್ಣದ ಮನೆ ಮೂರು ಪಾಳಿ ನಡೆಯುತ್ತಿತ್ತು. ನೀರು ಆರುವ ತೊಟ್ಟಿ ತುಂಬಿ, ಬಿಸಿ ಕ್ಷಾರದ ನೀರು ಆರದೆ ಹಾಗೇ ಮುಂದಕ್ಕೆ ನುಗ್ಗಿತ್ತು. ಮಂಗಳವಾರ ಬೆಳಿಗ್ಗೆ ನಾವಿಬ್ಬರೂ ಬಸ್ಸಿಳಿದು ಗೇಟು ದಾಟುವಾಗಲೇ ಅವರು ಗಾಳಿ ಮೂಸಿ ನಿಂತರು. ನನಗೇನೂ ಗೊತ್ತಾಗಲಿಲ್ಲ. ಅವರು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ತೊಟ್ಟಿಯ ಕಡೆ ಓಡಿದರು. ಐವತ್ತಾರರ ಆ ಮನುಷ್ಯ ಓಡಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ತೊಟ್ಟಿಯ ಮೇಲೆ ಬಿಳಿ ನೊರೆ ಆಳೆತ್ತರ ಎದ್ದಿತ್ತು. ಜಾಡಿಯಲ್ಲಿ ಹಿಡಿದ ನೀರು ಅರ್ಧ ಗಂಟೆಯಾದರೂ ಒಂದಾದ ಬಗ್ಗಡವಾಗಿಯೇ ಉಳಿಯಿತು. ನಾನು ಒಂದು ಹನಿ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ದಿನವೂ ಅಲ್ಲಿ ಸಣ್ಣ ಜೀವಿಗಳು ಸಂತೆಯಂತೆ ಓಡಾಡುತ್ತಿದ್ದವು. ಅವತ್ತು ಒಂದೂ ಅಲುಗಲಿಲ್ಲ. ಇನ್ನೊಂದು ಹನಿ, ಮತ್ತೊಂದು ಹನಿ ನೋಡಿದೆ. ತಲೆ ಎತ್ತಿದಾಗ ಅವರು ಬಾಗಿಲಲ್ಲಿ ನಿಂತಿದ್ದರು. ನನ್ನ ಮುಖ ನೋಡಿ ಹೊರಟುಹೋದರು.

ಮ್ಯಾನೇಜರು ಬಂದರು. ಅವರು ಕೆಟ್ಟವರಲ್ಲ, ಹೆದರಿದ್ದರು. ಸಾಯಂಕಾಲದೊಳಗೆ ಎಲ್ಲ ತೊಟ್ಟಿಗಳೂ ತುಂಬಿ ಉಕ್ಕುತ್ತವೆ. ಬಣ್ಣದ ಮನೆ ನಿಲ್ಲಿಸಲು ಮೇಲಿನವರು ಒಪ್ಪುವುದಿಲ್ಲ. ಉಳಿದ ದಾರಿ ಒಂದೇ, ಹಿಂದಿನ ವಾಲ್ವು. ಅದನ್ನು ತಿರುಗಿಸಿದರೆ ನೀರು ಮಳೆಚರಂಡಿಗೆ ಬಿದ್ದು, ಕಾಂಪೌಂಡಿನಾಚೆಯ ಹಳ್ಳ ಹಿಡಿದು, ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಕೆರೆ ದಾಟಿದರೆ ಕಪಿಲಾ ಹೊಳೆ. ಒಂದೇ ದಿನದ ಮಟ್ಟಿಗೆ ಎಂದು ಮ್ಯಾನೇಜರು ಅಂದರು.

ನಾವು ವಾಲ್ವಿನ ಹತ್ತಿರ ಹೋದಾಗ ಅದಕ್ಕೆ ಚಕ್ರವೇ ಇರಲಿಲ್ಲ. ಬೆಲ್ಲದಣ್ಣ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಕಬ್ಬಿಣದ ಚಕ್ರ ಅವರ ತೊಡೆಯ ಮೇಲಿತ್ತು, ಪಕ್ಕದಲ್ಲಿ ಸ್ಪಾನರು.

"ಇದೇನ್ ಮಾಡಿದೀರಾ ನೀವು?"

"ಬಿಚ್ಚಿವ್ನಿ ಸಾ."

"ಯಾರನ್ನ ಕೇಳಿ ಬಿಚ್ಚಿದ್ರಿ?"

"ಯಾರ್ನೂ ಕೇಳ್ನಿಲ್ಲ. ಈ ಒತ್ತಲ್ಲಿ ಕೆರೇಗೆ ದನ ಬುಟ್ಟಿರ್ತಾರೆ ಸಾ. ಬಣ್ಣದ ಮನೆ ನಿಲ್ಸಿ. ಶನಿವಾರದಗಂಟ ಟೈಮ್ ಕೊಡಿ, ತೊಟ್ಟೀಗೆ ಜೀವ ತತ್ತೀನಿ."

"ಬರದೇ ಇದ್ರೆ?"

"ಬರ್ದೆ ಇದ್ರೆ ನನ್ನ ಆಚಿಗ್ ಕಳ್ಸಿ. ನೀರ ಕಳಿಸ್ಬ್ಯಾಡಿ."

ಚಕ್ರವಿಲ್ಲದಿದ್ದರೂ ಮೆಕ್ಯಾನಿಕ್ಕಿಗೆ ಹೇಳಿ ಪೈಪ್ ಕತ್ತರಿಸಿ ನೀರು ಬಿಡುವುದು ಅರ್ಧ ಗಂಟೆಯ ಕೆಲಸ ಎಂದು ಮ್ಯಾನೇಜರಿಗೂ ಗೊತ್ತಿತ್ತು, ಬೆಲ್ಲದಣ್ಣನಿಗೂ ಗೊತ್ತಿತ್ತು. ವಾಪಸು ನಡೆಯುತ್ತ ಮ್ಯಾನೇಜರು ತಗ್ಗಿದ ದನಿಯಲ್ಲಿ, ಇವತ್ತಿನ ವರದಿಗೆ ನಿನ್ನೆಯ ಅಂಕಿಗಳನ್ನೇ ಹಾಕಿಬಿಡಮ್ಮ ಎಂದು ನನಗೆ ಹೇಳಿದರು. ನಾನು ಹಾಕಿದೆ. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಉಪಕರಣ ಕೆಟ್ಟಿದ್ದ ಒಂದು ದಿನ ಹಿಂದೆಯೂ ಹಾಗೆ ಮಾಡಿದ್ದೆ, ಏನೂ ಆಗಿರಲಿಲ್ಲ. ಈಗಲೂ ಏನೂ ಆಗಲಿಕ್ಕಿಲ್ಲ ಎಂದುಕೊಂಡು ಸಹಿ ಮಾಡಿ ಕಳಿಸಿದೆ.

ಮಧ್ಯಾಹ್ನ ಅವರ ಊಟದ ಡಬ್ಬಿ ತೆಗೆದುಕೊಂಡು ಕಟ್ಟೆಯ ಹತ್ತಿರ ಹೋದೆ. ಅವರು ಅಲ್ಲಿಂದ ಎದ್ದಿರಲಿಲ್ಲ. ಡಬ್ಬಿಯನ್ನು ಪಕ್ಕಕ್ಕಿಟ್ಟು, ಏನು ಬರೆದೆ ಎಂದು ಕೇಳಿದರು. ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಚಕ್ರವನ್ನು ತೊಡೆಯ ಮೇಲೆ ಸರಿಮಾಡಿಕೊಂಡರು.

"ನಾಳೆ ಕೆರೆ ದಡದಲ್ಲಿ ದನ ಬಿದ್ರೆ ನಿನ್ ಚೀಟೀನೆ ತೋರಿಸ್ತಾರೆ ಕಣವ್ವ. ನೀರು ಚೆನ್ನಾಗಿತ್ತು, ಮೇಡಂ ಬರ್ದವ್ರೆ ಅಂತ."

ನಾನು ಅಲ್ಲಿಂದ ನೇರ ಮ್ಯಾನೇಜರ ಕೋಣೆಗೆ ಹೋಗಿ, ವರದಿಯಲ್ಲಿ ತಪ್ಪಾಗಿದೆ, ವಾಪಸು ಕೊಡಿ ಸರ್ ಎಂದು ಕೇಳಿದೆ. ಅಲ್ಲೇ ನಿಂತು ಹೊಸ ಹಾಳೆಯಲ್ಲಿ ಬರೆದೆ: ಜೀವಿಗಳು ಕಾಣುತ್ತಿಲ್ಲ, ನೀರು ಹೊರಬಿಡಲು ಯೋಗ್ಯವಿಲ್ಲ. ಅಕ್ಷರಗಳು ಸೊಟ್ಟಗಾದವು. ಮ್ಯಾನೇಜರು ಓದಿ ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

"ಇದಕ್ಕೆ ಸಹಿ ಬಿದ್ದ ಮೇಲೆ ನಾನು ಆ ನೀರು ಬಿಡೋ ಹಾಗಿಲ್ಲ. ಗೊತ್ತಾ ನಿನಗೆ?"

"ಗೊತ್ತು ಸರ್."

ಅವರು ನನ್ನನ್ನು ಹೊರಗೆ ಕಳಿಸಿ ಫೋನು ಹಚ್ಚಿದರು. ಮೂರು ಗಂಟೆಗೆ ಬಣ್ಣದ ಮನೆಯ ಸದ್ದು ನಿಂತಿತು. ಶನಿವಾರ ಮಧ್ಯಾಹ್ನದವರೆಗೆ ಗಡುವು. ಅಷ್ಟರಲ್ಲಿ ತೊಟ್ಟಿಗೆ ಜೀವ ಬಾರದಿದ್ದರೆ ನಾವಿಬ್ಬರೂ ಮನೆಗೆ, ನೀರು ಚರಂಡಿಗೆ.

ಅವತ್ತು ಮತ್ತು ಮರುದಿನ ನಾವು ಏನೇನು ಮಾಡಿದೆವೋ ಲೆಕ್ಕವಿಲ್ಲ. ಆಸಿಡ್ ಹಾಕಿ ಕ್ಷಾರ ಇಳಿಸಿದೆವು. ಗಾಳಿಯಂತ್ರ ನಿಲ್ಲದಂತೆ ಓಡಿಸಿದೆವು. ಸುತ್ತಲ ಊರುಗಳಿಂದ ಟ್ರ್ಯಾಕ್ಟರಿನಲ್ಲಿ ಸೆಗಣಿ ತರಿಸಿ, ಕದಡಿ, ಬೆಲ್ಲ ಬೆರೆಸಿ ಸುರಿದೆವು. ಸೆಗಣಿಯ ಜೀವಿಗಳು ಆ ಉಪ್ಪಿಗೆ ಒಂದು ಗಂಟೆಯೂ ತಡೆಯಲಿಲ್ಲ. ಕೆಲಸ ನಿಂತ ಬಣ್ಣದ ಮನೆಯವರು ತೊಟ್ಟಿಯ ಸುತ್ತ ಬಂದು ನಿಲ್ಲುತ್ತಿದ್ದರು. ಕೆಲಸವಿಲ್ಲದ ದಿನಕ್ಕೆ ಅವರಿಗೆ ಕೂಲಿಯಿಲ್ಲ. ಒಬ್ಬ, ಹುಳಕ್ಕೋಸ್ಕರ ನಮ್ಮ ಹೊಟ್ಟೆ ಮೇಲೆ ಹೊಡೆದೆಯಲ್ಲೋ ಮುದುಕ ಎಂದ. ಬೆಲ್ಲದಣ್ಣ ತಿರುಗಿ ಅವನನ್ನು ನೋಡಿ, ಮತ್ತೆ ಬಕೀಟು ಎತ್ತಿಕೊಂಡರು. ಆ ಮಾತು ಅವರಿಗೆ ನಾಟಿತ್ತು. ಬುಧವಾರ ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದರು. ನಿಲ್ದಾಣದಲ್ಲಿ ಇಳಿಯುವಾಗ, ಎಂಟು ತಿಂಗಳ ಕೆಲಸ ಮೂರು ದಿನಕ್ಕೆ ಆಗಲ್ಲ, ಉಪ್ಪಲ್ಲೇ ಹುಟ್ಟಿ ಬೆಳೆದವು ಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಗುರುವಾರ ಬೆಳಿಗ್ಗೆ ಏಳಕ್ಕೆ ನನ್ನ ಮನೆಯ ಮುಂದೆ ಒಂದು ಗೂಡ್ಸ್ ಆಟೋ ನಿಂತಿತ್ತು, ಒಳಗೆ ಅವರು. ಗಾಡಿ ಹತ್ತು, ಹೆಮ್ಮಿಗೆಗೆ ಹೋಗೋಣ ಎಂದರು.

ಅವರ ಜಮೀನು ನಾಲೆಯ ಕೊನೆಯಲ್ಲಿ ತಗ್ಗಿನಲ್ಲಿತ್ತು. ಮೇಲಿನ ಗದ್ದೆಗಳ ಬಸಿನೀರೆಲ್ಲ ಬಂದು ನಿಂತು ನಿಂತು, ಒಂದೆಕರೆಯಷ್ಟು ಚೌಳಾಗಿತ್ತು. ಬತ್ತದ ಪೈರಿನ ಹಸಿರಿನ ನಡುವೆ ಆ ಒಂದು ತುಂಡು ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಕಾಲಿಟ್ಟರೆ ಉಪ್ಪಿನ ಹಕ್ಕಳೆ ಹಪ್ಪಳದಂತೆ ಮುರಿಯಿತು. ಅಲ್ಲಿ ಏನೂ ಬದುಕಿಲ್ಲ ಎಂದೇ ನನಗೆ ಅನ್ನಿಸಿತು. ಅವರು ಮಂಡಿಯೂರಿ ಕೈಯಿಂದಲೇ ಮೇಲಿನ ಬಿಳಿ ಪದರ ಕೆರೆದರು. ಅದರ ಕೆಳಗೆ ಒಂದು ಬೆರಳಿನಷ್ಟು ದಪ್ಪಕ್ಕೆ ಹಸಿರು, ಪಾಚಿಯಂತೆ. ಅದರ ಕೆಳಗೆ ಒದ್ದೆ ಕಪ್ಪು ಮಣ್ಣು. ಒಂದು ಹಿಡಿ ತೆಗೆದು ಮೂಸಿ ನನ್ನ ಮೂಗಿನ ಮುಂದೆ ಹಿಡಿದರು.

"ಮೂವತ್ತೊರ್ಸದಿಂದ ಈ ಉಪ್ಪಲ್ಲೇ ಅವೆ. ಬಿಸ್ಲಿಗೆ ಮುದುರ್ಕಂಡು ಮಲಗ್ತವೆ, ನೀರ್ ಬಿದ್ರೆ ಏಳ್ತವೆ. ಇವ್ಕೆ ನಾವು ಏನೂ ಕಲಿಸ್ಬೇಕಿಲ್ಲ."

ಅವರ ಹೆಂಡತಿ ಮಜ್ಜಿಗೆ ತಂದರು. ನಮ್ಮ ಬತ್ತವನ್ನು ಸುಟ್ಟ ಮಣ್ಣನ್ನು ಹೊತ್ತುಕೊಂಡು ಹೋಗುತ್ತಿದ್ದಾರಲ್ಲ, ಇವರಿಗೆ ಏನಾಗಿದೆ ಎಂದು ನನ್ನನ್ನು ಕೇಳಿದರು. ಆದರೂ ಸೆರಗು ಸಿಕ್ಕಿಸಿಕೊಂಡು ಚೀಲದ ಬಾಯಿ ಹಿಡಿದುಕೊಂಡರು. ನಲವತ್ತು ಚೀಲ ತುಂಬಿದೆವು. ನನ್ನ ಅಂಗೈ ಉಪ್ಪಿಗೆ ಬಿರಿದು ಉರಿಯುತ್ತಿತ್ತು.

ಮಣ್ಣು ತೊಟ್ಟಿಗೆ ಬಿದ್ದಾಗ ಗುರುವಾರ ಮಧ್ಯಾಹ್ನ ಎರಡು ಗಂಟೆ. ಆಮೇಲೆ ಮಾಡಲು ಏನೂ ಇರಲಿಲ್ಲ, ಕಾಯುವುದಷ್ಟೇ. ಶುಕ್ರವಾರ ನಾನು ಗಂಟೆಗೊಂದು ಹನಿ ನೋಡಿದೆ. ಮಣ್ಣಿನ ಕಣಗಳು, ಸತ್ತವುಗಳ ಚೂರುಗಳು, ಅಷ್ಟೇ. ಮ್ಯಾನೇಜರು ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ಸಂಜೆ ಮೆಕ್ಯಾನಿಕ್ಕು ಪೈಪ್ ಕತ್ತರಿಸುವ ಯಂತ್ರವನ್ನು ತಂದು ಕಟ್ಟೆಯ ಪಕ್ಕ ಇಟ್ಟ. ಬೆಲ್ಲದಣ್ಣ ಅದನ್ನು ನೋಡಿ, ರಾತ್ರಿ ಮಳೆ ಬಂದರೆ ನೆನೆಯದ ಹಾಗೆ ಅದರ ಮೇಲೆ ಒಂದು ಗೋಣಿಚೀಲ ಹೊದಿಸಿದರು.

ಶನಿವಾರ ಹತ್ತು ಗಂಟೆಯ ಹನಿಯಲ್ಲೂ ಏನೂ ಇರಲಿಲ್ಲ. ಹನ್ನೊಂದರ ಹನಿಯನ್ನು ಇಡುವಾಗ ನನಗೆ ಅಳು ಬಂದಿತ್ತು. ಕಣ್ಣು ಒರೆಸಿಕೊಂಡು ಬಗ್ಗಿದೆ. ಅಂಚಿನಲ್ಲಿ ಏನೋ ಜರುಗಿದಂತಾಯಿತು. ಗಾಳಿಗುಳ್ಳೆ ಇರಬೇಕೆಂದು ಗಾಜನ್ನು ಸರಿಸಿದೆ. ಗುಳ್ಳೆಯಲ್ಲ. ಅಕ್ಕಿಕಾಳಿನಾಕಾರದ್ದು ಒಂದು, ಮೈಯೆಲ್ಲ ರೋಮ ಅಲುಗಿಸುತ್ತ, ಒಂದು ಮಣ್ಣಿನ ಕಣಕ್ಕೆ ಡಿಕ್ಕಿ ಹೊಡೆದು, ಹಿಂದೆ ಸರಿದು, ಬೇರೆ ದಾರಿ ಹಿಡಿದು ಹೋಯಿತು. ಅದರ ಹಿಂದೆ ಇನ್ನೊಂದು.

ಬೆಲ್ಲದಣ್ಣ ನನ್ನ ಹಿಂದೆಯೇ ಇದ್ದರು. ನೋಡಿ ಎಂದು ಎದ್ದು ಜಾಗ ಬಿಟ್ಟೆ. ಅವರು ನೋಡಲಿಲ್ಲ. "ನೀನು ಕಂಡ್ಯಲ್ಲ, ಸಾಕು," ಎಂದು ಸ್ಟೂಲಿನ ಮೇಲೆ ಕುಸಿದು ಕೂತರು.

ಎಲ್ಲ ಅಂದೇ ಸರಿಹೋಯಿತು ಎನ್ನುವಂತಿಲ್ಲ. ಬಣ್ಣದ ಮನೆ ಸೋಮವಾರ ಅರ್ಧಕ್ಕರ್ಧ ಶುರುವಾಯಿತು. ಜಾಡಿಯಲ್ಲಿ ತಿಳಿನೀರು ನಿಲ್ಲಲು ಇನ್ನೂ ಮೂರು ವಾರ ಹಿಡಿಯಿತು. ಆ ಮೂರು ವಾರವೂ ಅವರು ಚಕ್ರವನ್ನು ವಾಲ್ವಿಗೆ ಹಾಕಲಿಲ್ಲ. ನಾಲ್ಕನೇ ವಾರ ತಾವೇ ಹಾಕಿ, ಎಣ್ಣೆ ಬಿಟ್ಟು, ಮ್ಯಾನೇಜರಿಗೆ ಹೇಳಿ ಬಂದರು. ಎರಡು ತಿಂಗಳ ಮೇಲೆ ಅವರನ್ನು ವಯಸ್ಸಾಯಿತೆಂದು ಕೆಲಸದಿಂದ ಬಿಡಿಸಿದರು. ಕಾರಣ ವಯಸ್ಸಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ನಾನು ಮ್ಯಾನೇಜರ ಹತ್ತಿರ ಹೋಗಿ ಜಗಳವಾಡಿದೆ. ಪ್ರಯೋಜನವಾಗಲಿಲ್ಲ. ನೀನು ಇಲ್ಲೇ ಇರು, ಹೊಸಬನಿಗೆ ಮೇವು ಹಾಕುವುದು ಕಲಿಸಿಕೊಟ್ಟು ಆಮೇಲೆ ಬೇಕಾದರೆ ಹೋಗು ಎಂದು ಬೆಲ್ಲದಣ್ಣ ನನಗೆ ಹೇಳಿದ್ದರು. ಹಾಗೇ ಮಾಡಿದೆ. ಮರುವರ್ಷ ಮೈಸೂರಿನಲ್ಲಿ ಕುಡಿಯುವ ನೀರು ಪರೀಕ್ಷೆಯ ಕೆಲಸ ಸಿಕ್ಕಿ ಬಂದುಬಿಟ್ಟೆ. ನನ್ನ ಸಹಿ ಕೇಳಿಕೊಂಡು ಈಗಲೂ ಹಾಳೆಗಳು ಬರುತ್ತವೆ. ನೀರನ್ನು ನಾನೇ ನೋಡದೆ ಯಾವುದಕ್ಕೂ ಸಹಿ ಹಾಕಿಲ್ಲ.

ಹನ್ನೊಂದನೇ ದಿನದ ಶಿವಗಣಾರಾಧನೆಗೆ ಹೆಮ್ಮಿಗೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನಗೆ ಪಾಯಸ ಬಡಿಸಿದ ಮನುಷ್ಯನ ಗುರುತು ನನಗೆ ಹತ್ತಲಿಲ್ಲ. ಸಂಬಂಧಿಕನಿರಬೇಕು ಎಂದುಕೊಂಡೆ. ಅವನು ನನ್ನನ್ನು ಗುರುತಿಸಿ, ಊಟವಾದ ಮೇಲೆ ಕೈತೊಳೆಯುವ ಕಡೆ ಬಂದು ನಿಂತ. ಬಣ್ಣದ ಮನೆಯಲ್ಲಿ ಹತ್ತು ವರ್ಷ ಇದ್ದವನಂತೆ. ಉಬ್ಬಸ ಇತ್ತಂತೆ, ಬೇಸಿಗೆಯಲ್ಲಿ ಹೆಚ್ಚು. ತಾವು ಕೆಲಸ ಬಿಟ್ಟ ಮೇಲೆ ಬೆಲ್ಲದಣ್ಣ ಅದು ಹೇಗೋ ಅವನ ಮನೆ ಹುಡುಕಿಕೊಂಡು ಬಂದು, ಆ ಕೆಲಸ ಬಿಡು ಎಂದರಂತೆ. ಇವನು ಬೈದು ಕಳಿಸಿದ. ಮತ್ತೆ ಬಂದರು. ಮೂರನೇ ಸಲ ಮೊಪೆಡ್ಡಿನಲ್ಲಿ ಹಿಂದೆ ಕೂರಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎದೆಯ ಪರೀಕ್ಷೆ ಮಾಡಿಸಿದರು. ಆಮೇಲೆ ತಮ್ಮ ಹಸುವಿನ ಒಂದು ಕರುವನ್ನು ಇವನ ಮನೆಯ ಮುಂದೆ ಕಟ್ಟಿ ಹೋದರು. ಈಗ ನಾಲ್ಕು ಹಸುಗಳಿವೆ, ಡೈರಿಗೆ ಹಾಲು ಹಾಕುತ್ತಾನೆ.

ಇದನ್ನೆಲ್ಲ ಹೇಳಿ ಅವನು ಎರಡೂ ಕೈ ಮುಂದೆ ಚಾಚಿ ತೋರಿಸಿದ. ಸಾಧಾರಣ ಕೈಗಳು, ಬೆರಳ ಸಂದಿಯಲ್ಲಿ ಪಾಯಸ ಅಂಟಿತ್ತು.

"ಆಗ ಬಣ್ಣ ಇಡ್ದು ಉಗ್ರೆಲ್ಲ ನೀಲಿ ಇದ್ವು ಮೇಡಂ. ಸೋಪಲ್ಲಿ ಉಜ್ಜುದ್ರೆ ಓಗದಲ್ಲ ಅದು, ಒಸಾ ಉಗ್ರು ಬೆಳದು ಬೆಳದು ತಳ್ಬೇಕು. ಆರ್ ತಿಂಗ್ಳಾಯ್ತು. ಅಲ್ಲೀಗಂಟ ವಾರವಾರ ಬಂದು ನನ್ ಕೈ ಇಡ್ದು ನೋಡೋರು."